ಸಮ್ಮೇಳನದ ಸಾಮಾನು

ಸಾಹಿತ್ಯ ಸಮ್ಮೇಳನಗಳನ್ನು ಕುರಿತು ನಮ್ಮಲ್ಲಿ ಬರೆದವರು ಬಹು ಮಂದಿ. ಅಧ್ಯಕ್ಷ ಭಾಷಣವನ್ನು ವಿಮರ್ಶಿಸಿದವರುಂಟು. ಕವಿಗೋಷ್ಠಿಯ ಗದ್ದಲವನ್ನು ಕಂಡು ನಕ್ಕವರುಂಟು. ಊಟದ ಸಾಲಿನ ವಿಷಯವನ್ನಂತೂ ಬರೆಯದವರೇ ಇಲ್ಲವೆನ್ನಬೇಕು. ಆದರೆ ಅಧ್ಯಕ್ಷರು ಕುಳಿತ ಖುರ್ಚಿ ಯಾವ ಊರಿನಿಂದ ಬಂದಿತು, ಅದನ್ನು ಗಾಡಿಯಿಂದ ಇಳಿಸಿದವರು ಯಾರು, ವಂದನಾರ್ಪಣೆ ಮುಗಿದು ಜನ ಚದುರಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂಬ ವಿಚಾರ ಸಾಹಿತ್ಯ ಚರಿತ್ರೆಯಲ್ಲಿ ಬರುವುದಿಲ್ಲ. ಅದನ್ನು ಬರೆಯಲು ಬೇಕಾದ ಪಾಂಡಿತ್ಯ ನನ್ನಲ್ಲಿದೆಯೆಂದು ನಾನು ಹೇಳಲಾರೆ. ಪಾಂಡಿತ್ಯಕ್ಕೆ ಬದಲಾಗಿ ಒಂದು ಹೆಗಲು ಇದೆ. ಅದು ನಾಲ್ಕು ದಿನ ನೋಯುತ್ತಿತ್ತು. ಆ ಅಧಿಕಾರದಿಂದ ಈ ನಾಲ್ಕು ಮಾತು.

ಸಮ್ಮೇಳನವೆಂಬುದು ನಮ್ಮ ಸೀಮೆಗೆ ಹೊಸದಲ್ಲ. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದಂದಿನಿಂದ ಈವರೆಗೆ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ಕಲಬುರ್ಗಿಯಲ್ಲಿ ನಾಲ್ಕು ಸಲ ಕೂಡಿದೆ. 1928ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಅಧ್ಯಕ್ಷರಾಗಿ ಬಂದಾಗ ಇದು ನಿಜಾಮರ ನಾಡು. ಕಚೇರಿಯ ಭಾಷೆ ಉರ್ದು. 1949ರಲ್ಲಿ ಉತ್ತಂಗಿ ಚನ್ನಪ್ಪನವರು ಬಂದಾಗ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಮೂರನೆಯದು 1987ರಲ್ಲಿ, ಸಿದ್ಧಯ್ಯ ಪುರಾಣಿಕರ ಅಧ್ಯಕ್ಷತೆಯಲ್ಲಿ. ನಾಲ್ಕನೆಯದು 85ನೆಯ ಸಮ್ಮೇಳನ. 2020ರ ಫೆಬ್ರವರಿ 5, 6 ಮತ್ತು 7ರಂದು ಗುಲಬರ್ಗಾ ವಿಶ್ವವಿದ್ಯಾಲಯದ ಆವರಣದಲ್ಲಿ, ಎಚ್. ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಪ್ರಧಾನ ವೇದಿಕೆಗೆ ಶ್ರೀವಿಜಯನ ಹೆಸರನ್ನಿಟ್ಟಿದ್ದರು. ಶ್ರೀವಿಜಯನಿಗೆ ಆಶ್ರಯ ಕೊಟ್ಟ ನೃಪತುಂಗನ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ನಮ್ಮ ಜಿಲ್ಲೆಯದೇ ಊರು. ಈ ಇಸವಿಗಳೂ ಹೆಸರುಗಳೂ ನೌಕರಿಯ ಪರೀಕ್ಷೆಗಳಿಗೆ ಬೇಕಾಗುವುವು. ಆದುದರಿಂದ ನಾನೂ ನನ್ನ ಗೆಳೆಯರೂ ಅವನ್ನು ಬಾಯಿಪಾಠ ಮಾಡಿದ್ದೇವೆ.

ನಾಲ್ಕನೆಯ ಸಮ್ಮೇಳನದ ಸಂಗತಿ ಮಾತ್ರ ನನಗೆ ಪುಸ್ತಕದಿಂದಲ್ಲದೆ ಮನೆಯಿಂದಲೂ ಗೊತ್ತು. ನಮ್ಮದು ಜೇವರ್ಗಿ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಕಲಬುರ್ಗಿಯ ನೆಹರೂ ಗಂಜಿನಲ್ಲಿ ಹಮಾಲ. ಆಗ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಫೆಬ್ರವರಿಯೆಂದರೆ ಗಂಜಿಗೆ ತೊಗರಿ ಬರುವ ಕಾಲ. ಆದರೂ ಕೂಲಿ ಚೆನ್ನಾಗಿ ಸಿಕ್ಕುವುದೆಂದು ಅಪ್ಪ ನಾಲ್ಕು ದಿನ ತೊಗರಿಯನ್ನು ಬಿಟ್ಟು ಸಮ್ಮೇಳನದ ಖುರ್ಚಿ ಹೊರಲು ಹೋಗಿದ್ದ. ತಿರುಗಿ ಬಂದ ದಿನ, “ಅಪ್ಪಾ, ಅಲ್ಲಿ ಏನೇನು ಮಾತಾಡಿದರು?” ಎಂದು ಕೇಳಿದೆ. “ಏನ್ ಮಾತಾಡಿದ್ರೋ ಯಾಂವ ಬಲ್ಲ! ಖುರ್ಚಿ ಮಾತ್ರ ಭಾಳ ಹಗುರ ಇದ್ದವು. ತೊಗರಿ ಚೀಲದಂಗ ಅಲ್ಲ” ಎಂದ. ಅಪ್ಪನಿಗೆ ಓದು ಬರಹ ಬಾರದು. ನಾನು ಪಿ.ಯು.ಸಿ. ಮುಗಿಸಿ ಡಿಗ್ರಿಗೆ ಹೆಸರು ಹಚ್ಚಿದಾಗ ಕೇರಿಯವರೆಲ್ಲ ನಮ್ಮ ಮನೆಯಲ್ಲಿ ಇವನೇ ಮೊದಲಿಗನೆಂದು ಹೊಗಳುತ್ತಿದ್ದರು. ಅಪ್ಪ ಮೀಸೆಯಲ್ಲಿಯೇ ನಕ್ಕು, “ಯೂನಿವರ್ಸಿಟಿ ಒಳಗ ಇವನಕಿಂತ ಮೊದಲ ನಾನೇ ಹೋಗೀನಿ” ಎಂದನು. ಮಾತು ನಿಜ. ತಲೆಯ ಮೇಲೆ ನಾಲ್ಕು ಖುರ್ಚಿಗಳನ್ನು ಹೊತ್ತು ಹೋಗಿದ್ದನು, ಅಷ್ಟೆ.

ಓದುವವರು ಕೂಡಿ ನಡೆಸುವ ಇಂಥ ಜಾತ್ರೆ ನಮ್ಮಲ್ಲಿ ಮಾತ್ರ ಇರುವುದೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ವೈಜ್ಞಾನಿಕ ಕಥೆಗಳನ್ನು ಪ್ರೀತಿಸುವ ಅಭಿಮಾನಿಗಳು 1939ರಲ್ಲಿ ನ್ಯೂಯಾರ್ಕಿನಲ್ಲಿ ತಮ್ಮದೊಂದು ವಿಶ್ವ ಸಮ್ಮೇಳನವನ್ನು ಕೂಡಿಸಿದರು. ಎರಡನೆಯ ಮಹಾಯುದ್ಧದ ನಡುವೆ ನಾಲ್ಕು ವರ್ಷ ನಿಂತಿದ್ದುದನ್ನು ಬಿಟ್ಟರೆ ಅದು ‘ವರ್ಲ್ಡ್‌ಕಾನ್’ ಎಂಬ ಹೆಸರಿನಿಂದ ಇಂದಿಗೂ ನಡೆಯುತ್ತಲಿದೆ. ಅದರ ವಿಶೇಷವೆಂದರೆ, ಅದನ್ನು ನಡೆಸುವವರು ಸಂಬಳದ ನೌಕರರಲ್ಲ, ಅಭಿಮಾನಿಗಳೇ. ಬಾಗಿಲು ಕಾಯುವವನೂ ಸ್ವಯಂಸೇವಕ, ಪುಸ್ತಕದ ಪೆಟ್ಟಿಗೆ ಹೊರುವವನೂ ಸ್ವಯಂಸೇವಕ. ಇದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಭಾಷೆ ಬೇರೆ, ದೇಶ ಬೇರೆ. ಪುಸ್ತಕದ ಪೆಟ್ಟಿಗೆಯ ಭಾರ ಮಾತ್ರ ಎಲ್ಲೆಡೆಯೂ ಒಂದೇ!

ಸ್ವಯಂಸೇವಕರ ಹಿರಿಮೆ ನಮ್ಮ ನಾಡಿನಲ್ಲಿಯೂ ಕಡಮೆಯದಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರೇ ಅಧ್ಯಕ್ಷರು. ಅಲ್ಲಿ ಸ್ವಯಂಸೇವಕರನ್ನು ಅಣಿಗೊಳಿಸಿದವರು ನಮ್ಮ ಡಾ. ನಾ. ಸು. ಹರ್ಡೀಕರರು. ಅದಕ್ಕೂ ಮೊದಲು, 1901ರ ಕಲಕತ್ತೆಯ ಅಧಿವೇಶನದಲ್ಲಿ ಗಾಂಧೀಜಿಯವರು ಕಂಡ ಸ್ವಯಂಸೇವಕರೇ ಬೇರೆ. ಒಬ್ಬನಿಗೆ ಹೇಳಿದ ಕೆಲಸವನ್ನು ಅವನು ಇನ್ನೊಬ್ಬನಿಗೆ ಹೇಳುವನು. ಇನ್ನೊಬ್ಬನು ಮತ್ತೊಬ್ಬನಿಗೆ ಹೇಳುವನು. ಕೆಲಸ ಮಾತ್ರ ಇದ್ದಲ್ಲಿಯೇ ಇರುವುದು. ಗಾಂಧೀಜಿಯವರು ತಾವೇ ಪೊರಕೆ ಹಿಡಿದು ಪಾಯಖಾನೆಯನ್ನು ತೊಳೆದರು. ಅವರು ಆತ್ಮಕಥೆಯಲ್ಲಿ ಹೇಳಿರುವ ಈ ಸಂಗತಿಯನ್ನು ನಾವು ಓದಿ ನಗುತ್ತೇವೆ. ನಮ್ಮ ಕಾಲೇಜಿನ ಸಮಾರಂಭಗಳಲ್ಲಿ ಬೆಂಚು ಎತ್ತುವ ಸಮಯ ಬಂದಾಗ ಯಾರು ಯಾರು ಎಲ್ಲೆಲ್ಲಿ ಮಾಯವಾಗುವರೆಂಬುದನ್ನು ಬಲ್ಲ ವಾಚಕರು ಸ್ವಲ್ಪ ಮೆಲ್ಲಗೆ ನಗುವುದು ಒಳಿತು.

ಇನ್ನು ನಮ್ಮ ಕಥೆಗೆ ಬರುತ್ತೇನೆ. ಕಳೆದ ವರ್ಷ ಆಳಂದದಲ್ಲಿ ಎರಡು ದಿನದ ಒಂದು ಚಿಕ್ಕ ಸಾಹಿತ್ಯ ಸಮ್ಮೇಳನ ನಡೆಯಿತು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ಸಾಹಿತ್ಯಾಭಿಮಾನಿಗಳು ಕೂಡಿ ಮಾಡಿದ್ದು. ಆಳಂದವು ಶರಣ ಏಕಾಂತದ ರಾಮಯ್ಯನ ಊರು. ಜೇವರ್ಗಿಯು ವಚನಕಾರ ಷಣ್ಮುಖಸ್ವಾಮಿಗಳ ಊರು. ಭೀಮಾ ಅಮರ್ಜಾ ನದಿಗಳು ಕೂಡುವ ದೇವಲ ಗಾಣಗಾಪುರ ಇರುವುದು ಅಫಜಲಪುರ ತಾಲ್ಲೂಕಿನಲ್ಲಿ. ಹೀಗಿರುವುದರಿಂದ ಯಾವ ಊರಿಗೂ ಮತ್ತೊಂದಕ್ಕೆ ಕಡಮೆಯಾಗಿ ತೋರಲು ಮನಸ್ಸಿಲ್ಲ. ಹಿಂದಿನ ಸಲ ಸೇರಿದ್ದುದು ಜೇವರ್ಗಿಯಲ್ಲಿ. ಆದುದರಿಂದ ವೇದಿಕೆಯ ಹಲಗೆಗಳು, ಕಬ್ಬಿಣದ ಕುದುರೆಗಳು, ಪುಸ್ತಕದ ಕಪಾಟುಗಳು, ಜಮಖಾನೆ, ಗಾದಿ, ಲೋಡು, ಹನ್ನೆರಡು ಟ್ರಂಕು ಪುಸ್ತಕ, ಎಲ್ಲವೂ ಅಲ್ಲಿಯೇ ಒಂದು ಗೋದಾಮಿನಲ್ಲಿದ್ದುವು. ಅಫಜಲಪುರದ ಕಡೆಯಿಂದ ದೊಡ್ಡಾಟದವರ ವೇಷದ ಪೆಟ್ಟಿಗೆ, ಮದ್ದಳೆ, ಹಾರ್ಮೋನಿಯಂ ಬರತಕ್ಕದ್ದು. ಮೈಕು ಮತ್ತು ಜನರೇಟರು ಕಲಬುರ್ಗಿಯವು. ಇವೆಲ್ಲವನ್ನೂ ಒಂದೆಡೆ ಸೇರಿಸಿ ಆಳಂದಕ್ಕೆ ಮುಟ್ಟಿಸುವ ಭಾರ ನಮ್ಮ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳ ಮೇಲೆ ಬಿದ್ದಿತು. ನಾಲ್ವರು ಆಳಂದದ ಕಡೆಯವರು, ಮೂವರು ಅಫಜಲಪುರದವರು, ಇಬ್ಬರು ಜೇವರ್ಗಿಯವರು. ಒಂಬತ್ತರಲ್ಲಿ ಒಬ್ಬಳು ಹುಡುಗಿ. ಅಫಜಲಪುರ ತಾಲ್ಲೂಕಿನವಳು, ಖರ್ಚಿನ ಲೆಕ್ಕದ ವಹಿ ಅವಳ ಕೈಯಲ್ಲಿ.

ಜೇವರ್ಗಿಯ ಗೋದಾಮಿನ ಮುಂದೆ ಲಾರಿ ನಿಂತಾಗ ಬೆಳಗಿನ ಹತ್ತು ಗಂಟೆ. ನಾವು ಎದೆಯ ಮೇಲೆ ಬ್ಯಾಡ್ಜು ಚುಚ್ಚಿಕೊಂಡು, ತೋಳು ಮೇಲೇರಿಸಿ ಇಳಿದೆವು. ಬೇವಿನ ಮರದ ನೆರಳಿನಲ್ಲಿ ನಾಲ್ವರು ಹಮಾಲರು ಕುಳಿತಿದ್ದರು. ಲಾರಿ ಬರುವ ಸುದ್ದಿ ಕೇಳಿ ಮುಂಜಾನೆಯಿಂದ ಕಾದಿದ್ದರಂತೆ. ಅವರಲ್ಲಿ ಹಿರಿಯನು ಕೇಳಿದನು:

“ಏನ್ರಪಾ, ಯಾವ ಸಾಲಿ ಸಾಮಾನು?”

“ಸಾಲೀದಲ್ಲ ಕಾಕಾ, ಸಾಹಿತ್ಯ ಸಮ್ಮೇಳನದ್ದು. ನಾವೇ ಏರಿಸ್ತೀವಿ” ಎಂದನು ಆಳಂದದ ಗೆಳೆಯ.

“ಏರಸ್ರಿ. ಬ್ಯಾಡ ಅನ್ನಂಗಿಲ್ಲ. ಆದ್ರ ನಿಮಗ ಇದು ಸೇವಾ, ನಮಗ ರೊಟ್ಟಿ.”

ಅವನು ಸಿಟ್ಟಿನಿಂದ ಹೇಳಲಿಲ್ಲ. ಇಂದು ಬಿಸಿಲು ಹೆಚ್ಚು ಎಂದು ಹೇಳುವಂತೆ ಹೇಳಿದನು. ಅದರಿಂದಲೇ ಅದು ನಮಗೆ ನಾಟಿತು. ಸಮಿತಿಯವರು ಲಾರಿಯ ಬಾಡಿಗೆಯನ್ನು ಕೊಟ್ಟಿದ್ದರು, ಚಹದ ಖರ್ಚನ್ನು ಕೊಟ್ಟಿದ್ದರು. ಹಮಾಲಿ ಎಂಬ ಬಾಬು ವಹಿಯಲ್ಲಿ ಇರಲಿಲ್ಲ. ವಿದ್ಯಾರ್ಥಿಗಳು ಇರುವಾಗ ಹಮಾಲಿಯೇಕೆ ಎಂಬುದು ಎಲ್ಲರಿಗೂ ಸಹಜವಾಗಿ ತೋರಿದ್ದ ಮಾತು. ಹಮಾಲನ ಮಗನಾದ ನನಗೆ ಅದು ಅಷ್ಟು ಸಹಜವಾಗಿ ತೋರಲಿಲ್ಲ. ಗಂಜಿನಲ್ಲಿ ಮಾಲು ಬಾರದ ದಿನ ಮನೆಯಲ್ಲಿ ಅವ್ವ ಹಿಟ್ಟಿನ ಡಬ್ಬಿಯ ಮುಚ್ಚಳವನ್ನು ಹೇಗೆ ಸಪ್ಪಳವಾಗದಂತೆ ತೆಗೆಯುವಳೆಂಬುದನ್ನು ನಾನು ಬಲ್ಲೆ. ನಾನು ಗೆಳೆಯರನ್ನು ಲಾರಿಯ ಹಿಂದೆ ಕರೆದು, “ಇವರನ್ನು ಬಿಟ್ಟು ನಾವು ಏರಿಸುವುದು ಸರಿಯಲ್ಲ” ಎಂದೆ.

ಅಲ್ಲಿಯೇ ಒಂದು ಗೋಷ್ಠಿ ನಡೆಯಿತು. ಅಧ್ಯಕ್ಷರಿರಲಿಲ್ಲ, ಮೈಕೂ ಇರಲಿಲ್ಲ; ಆದರೂ ಮುಂದೆ ಆಳಂದದಲ್ಲಿ ನಾನು ಕೇಳಿದ ಯಾವ ಗೋಷ್ಠಿಗೂ ಅದು ಕಡಮೆಯಾಗಿರಲಿಲ್ಲ. ನಮ್ಮಲ್ಲೊಬ್ಬ ಗೆಳೆಯನು ಬಲವಾಗಿ ವಾದಿಸಿದನು. “ಇದು ಕನ್ನಡದ ಕೆಲಸ. ಒಂದು ಪೈಸೆಯೂ ಮುಟ್ಟದೆ ಮಾಡುತ್ತೇವೆಂದು ಬಂದಿದ್ದೇವೆ. ಎಲ್ಲದಕ್ಕೂ ಕೂಲಿಯೆಂದರೆ ಬಡ ತಾಲ್ಲೂಕುಗಳಲ್ಲಿ ಸಮ್ಮೇಳನ ನಡೆಯುವುದೆಂತು?” ಎಂಬುದು ಅವನ ಪ್ರಶ್ನೆ. ಅದು ತೆಗೆದುಹಾಕುವಂಥ ಮಾತಲ್ಲ. ನಮ್ಮ ಕಡೆಯ ಸಮ್ಮೇಳನಗಳು ನಡೆಯುವುದು ಸೇವೆಯಿಂದಲೇ. ಅಕ್ಕಿ ಕೊಟ್ಟವರೊಬ್ಬರು, ರೊಟ್ಟಿ ಬಡಿದು ಕಳಿಸಿದವರು ಹಲವರು, ಗೋದಾಮನ್ನು ಬಿಟ್ಟುಕೊಟ್ಟವರೊಬ್ಬರು. ಹೀಗೆ ಕೂಡಿಬರದೆ ಇದ್ದರೆ ಪೆಂಡಾಲಿನ ಗೂಟವೂ ಏಳುವುದಿಲ್ಲ.

ಆದರೆ ಅಕ್ಕಿ ಕೊಟ್ಟವರು ತಮ್ಮ ಅಕ್ಕಿಯನ್ನು ಕೊಟ್ಟರು, ಮತ್ತೊಬ್ಬರ ಅಕ್ಕಿಯನ್ನಲ್ಲ. ನಾವು ಕೊಡಲು ಹೊರಟಿದ್ದ ಸೇವೆಯಲ್ಲಿ ನಾಲ್ವರ ಅಂದಿನ ಕೂಲಿ ಸೇರಿತ್ತು. ಇದೇ ನಾನು ಹೇಳಿದ ಮಾತು. ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಜೊತೆಯಾಗಿ ಹೇಳಿದರಲ್ಲವೇ? ದಾಸೋಹವು ಕಾಯಕದಿಂದ ಬಂದುದರಿಂದಲೇ ನಡೆಯತಕ್ಕದ್ದು. ನುಲಿಯ ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಅದರಿಂದ ಬಂದುದರಲ್ಲಿ ಜಂಗಮರಿಗೆ ಉಣಬಡಿಸಿದನು. ಆಯ್ದಕ್ಕಿ ಮಾರಯ್ಯನು ದಿನಕ್ಕೆ ಬೇಕಾದುದಕ್ಕಿಂತ ಹೆಚ್ಚಿಗೆ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ತಿರುಗಿ ಅಲ್ಲಿಯೇ ಸುರಿದು ಬಾ ಎಂದಳು. ನಮಗೆ ಸೇವೆ ಮಾಡುವ ಹಂಬಲವಿದ್ದುದು ನಿಜ. ಆ ಹಂಬಲವೂ ಹೆಚ್ಚಿಗೆ ಆಯ್ದ ಅಕ್ಕಿಯಂತೆ ಆಗಬಾರದು.

ಲೆಕ್ಕದ ವಹಿ ಹಿಡಿದಿದ್ದವಳು ಅಷ್ಟು ಹೊತ್ತು ಸುಮ್ಮನಿದ್ದಳು. ಒಂದು ಹಾಳೆಯನ್ನು ತಿರುವಿ ಹೇಳಿದಳು: “ನಮಗ ಒಂಬತ್ತು ಮಂದೀಗಿ ಟೀಶರ್ಟ್ ಹೊಲಸ್ಲಿಕ್ಕ ರೊಕ್ಕ ಇಟ್ಟಾರ. ಬೆನ್ನಮ್ಯಾಲ ‘ಸ್ವಯಂಸೇವಕ’ ಅಂತ ಬರಸಲಿಲ್ಲಂದ್ರ ಸಾಮಾನು ಏಳಂಗಿಲ್ಲೇನು?”

ಗೋಷ್ಠಿ ಮುಗಿಯಿತು. ನಮ್ಮ ಅಧ್ಯಾಪಕರಿಗೆ ಫೋನು ಮಾಡಿದೆವು. ಅವರು ಎಲ್ಲವನ್ನೂ ಕೇಳಿ, “ಆಗಲಿ. ಆದರೆ ವಹಿಯಲ್ಲಿ ‘ಹಮಾಲಿ’ ಎಂದೇ ಬರೆಯಿರಿ, ‘ಇತರೆ ಖರ್ಚು’ ಎಂದು ಬರೆಯಬೇಡಿರಿ” ಎಂದರು. ಈ ಮೂರು ವರ್ಷಗಳಲ್ಲಿ ನಾನು ಅವರಿಂದ ಕಲಿತ ಪಾಠಗಳಲ್ಲಿ ಇದೊಂದು ಪಠ್ಯಕ್ರಮದ ಹೊರಗಿನದು.

ಭಾರದ ಸಾಮಾನು ಹಮಾಲರಿಗೆ, ಹಗುರವಾದುವು ನಮಗೆ ಎಂದು ಗೊತ್ತಾಯಿತು. ಹಗುರವೆಂದರೆ ಪುಸ್ತಕ ಎಂದು ತಿಳಿದು ಇಬ್ಬರು ಗೆಳೆಯರು ಒಂದು ಟ್ರಂಕಿಗೆ ಕೈಹಚ್ಚಿದರು. ಅದು ನೆಲವನ್ನು ಬಿಡಲೊಲ್ಲದು. ಇನ್ನೂರು ಪುಟದ ಒಂದು ಪುಸ್ತಕ ಕಾಲು ಕಿಲೋಗೆ ಕಡಮೆಯಿಲ್ಲ. ಅಂಥವು ನೂರು ಕೂಡಿದರೆ ಇಪ್ಪತ್ತೈದು ಕಿಲೋ. ಟ್ರಂಕಿನಲ್ಲಿ ಇನ್ನೂರಕ್ಕೆ ಮೇಲ್ಪಟ್ಟು ಇದ್ದುವು. ಕಾಕಾ ನಕ್ಕು, “ಓದಿದವರ ತಲಿ ಯಾಕ ಭಾರ ಇರ್ತಾವ ಅನ್ನೂದು ಈಗ ತಿಳೀತು ನೋಡ್ರಿ” ಎಂದನು. ಅನಂತರ ನನ್ನ ಕಡೆಗೆ ತಿರುಗಿ, “ನೀ ಯಾರ ಮಗ, ತಮ್ಮಾ?” ಎಂದು ಕೇಳಿದನು. ಅಪ್ಪನ ಹೆಸರು ಹೇಳಿದೆ. ಅವನ ಮುಖ ಅರಳಿತು. ಹಿಂದೆ ಇಬ್ಬರೂ ಗಂಜಿನಲ್ಲಿ ಜೊತೆಗೆ ದುಡಿದವರಂತೆ. “ಅವನ ಮಗೇನು! ಅವಾ ಹಚ್ಚಿದ ಥಪ್ಪಿ ಒಂದೂ ಬಿದ್ದಿಲ್ಲ” ಎಂದು ಉಳಿದವರಿಗೆ ಕೂಗಿ ಹೇಳಿದನು. ನನಗೆ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬಂದಾಗಲೂ ಅಷ್ಟು ಹಿಗ್ಗು ಆಗಿರಲಿಲ್ಲ.

ಆ ಮೇಲಿನ ಎರಡು ಗಂಟೆ ನಮಗೆ ಪಾಠವಾಯಿತು. ಸಾಮಾನು ಏರಿಸುವುದು ಬಲದ ಕೆಲಸವೆಂದು ನಾವು ತಿಳಿದಿರುತ್ತೇವೆ. ಅದು ಮೊದಲು ಬುದ್ಧಿಯ ಕೆಲಸ. ಭಾರವಾದುವು ಕೆಳಗೆ, ಡ್ರೈವರನ ಕ್ಯಾಬಿನ್ನಿಗೆ ಒತ್ತಿ ಕೂರಬೇಕು. ಇಲ್ಲವಾದರೆ ಏರು ದಾರಿಯಲ್ಲಿ ಹಿಂದಕ್ಕೆ ಜಾರುವುವು. ಎಡಕ್ಕೂ ಬಲಕ್ಕೂ ತೂಕ ಸಮನಾಗಿರಬೇಕು. ಕಬ್ಬಿಣಕ್ಕೂ ಕಟ್ಟಿಗೆಗೂ ನಡುವೆ ಗಾದಿಯನ್ನು ತುರುಕಬೇಕು; ಗಾದಿ ಬೇರೆ ಸಾಗಿದಂತೆಯೂ ಆಯಿತು, ಕಪಾಟು ತರಚದಂತೆಯೂ ಆಯಿತು. ಎಲ್ಲಕ್ಕೂ ಮುಖ್ಯವಾದುದು, ಅಲ್ಲಿ ಮೊದಲು ಬೇಕಾಗುವುದನ್ನು ಇಲ್ಲಿ ಕೊನೆಗೆ ಏರಿಸಬೇಕು. ಪೆಂಡಾಲಿನಲ್ಲಿ ಮೊದಲು ಎದ್ದು ನಿಲ್ಲುವುದು ವೇದಿಕೆ. ಆದುದರಿಂದ ಅದರ ಹಲಗೆಗಳು ಲಾರಿಯ ಬಾಯಿಯಲ್ಲಿಯೇ ಇರತಕ್ಕದ್ದು. ನಮ್ಮ ಆಳಂದದ ಗೆಳೆಯನು ಹಾಸ್ಯಗಾರ. “ಲೋಡುಗಳನ್ನು ಲೋಡು ಮಾಡಿರೋ!” ಎಂದು ಕೂಗಿದ್ದನ್ನೇ ಹತ್ತು ಸಲ ಕೂಗಿ, ಹತ್ತನೆಯ ಸಲ ಅವನೊಬ್ಬನೇ ನಕ್ಕನು.

ಕಡೆಗೆ ಹಗ್ಗದ ಪಾಠ. ಮೇಲೆ ತಾಡಪತ್ರಿ ಹೊದಿಸಿ ಮಿಣಿ ಎಳೆದರು. ಹಗ್ಗದ ನಡುವೆ ಒಂದು ಕಣ್ಣು ಮಾಡಿ, ತುದಿಯನ್ನು ಲಾರಿಯ ಕೊಕ್ಕೆಗೆ ಸುತ್ತಿ ತಂದು, ಆ ಕಣ್ಣಿನೊಳಗಿಂದಲೇ ಕೆಳಕ್ಕೆ ಎಳೆದರೆ ಒಬ್ಬನ ಬಲ ಇಬ್ಬರ ಬಲವಾಗುವುದು. ಬಿಚ್ಚುವಾಗ ತುದಿಯನ್ನು ಒಮ್ಮೆ ಜಗ್ಗಿದರೆ ಸಾಕು, ಗಂಟೇ ಇಲ್ಲ. ಬಿಗಿಯುವಾಗ ಕಲ್ಲಿನಂತಿರಬೇಕು, ಬಿಚ್ಚುವಾಗ ನೀರಿನಂತಿರಬೇಕು ಎಂದು ಕಾಕಾ ಹೇಳಿದನು. ಹತ್ತು ಸಲ ಕಟ್ಟಿಸಿ, ಹತ್ತು ಸಲ ಬಿಚ್ಚಿಸಿ, ಹನ್ನೊಂದನೆಯ ಸಲ ನನಗೆ ಬಂದಿತು. ಹೊರಡುವ ಮುಂದೆ ನಾಲ್ವರಿ‌ಗೂ ಪೂರ್ತಿ ಕೂಲಿ ಎಣಿಸಿ ಕೊಟ್ಟು ಲೆಕ್ಕಗಿತ್ತಿ ಅವರ ಹೆಸರುಗಳನ್ನು ವಹಿಯಲ್ಲಿ ಬರೆದುಕೊಂಡಳು.

ಜೇವರ್ಗಿಯಿಂದ ಕಲಬುರ್ಗಿಗೆ ಸುಮಾರು 40 ಕಿ.ಮೀ.; ಅಲ್ಲಿಂದ ಆಳಂದಕ್ಕೂ ಹೆಚ್ಚು ಕಡಮೆ ಅಷ್ಟೆ. ಕಟ್ಟಿಸಂಗಾವಿಯ ಹತ್ತಿರ ಭೀಮೆಯನ್ನು ದಾಟಿದೆವು. ಇಕ್ಕೆಲದ ಕರಿಯ ಹೊಲಗಳಲ್ಲಿ ತೊಗರಿ ಕೊಯ್ದು ಕೂಳೆ ನಿಂತಿತ್ತು. 2019ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ಪಡೆದ ನಮ್ಮ ತೊಗರಿ ಇದೇ ಮಣ್ಣಿನದು. ಆ ಮನ್ನಣೆಯ ಸುದ್ದಿಯನ್ನು ನಾನು ಪತ್ರಿಕೆಯಲ್ಲಿ ಓದಿದಾಗ, ಹೊಲದಿಂದ ಕಣಕ್ಕೆ, ಕಣದಿಂದ ಗಂಜಿಗೆ, ಗಂಜಿನಿಂದ ಗಿರಣಿಗೆ ಅದು ಯಾರ ಬೆನ್ನಮೇಲೆ ಹೋಗುವುದೆಂಬುದು ನೆನಪಾಗಿತ್ತು. ಕಲಬುರ್ಗಿಯಲ್ಲಿ ಮೈಕು ಮತ್ತು ಜನರೇಟರು ಏರಿದುವು. ಚೌಡಾಪುರದ ಮೇಲಿಂದ ಅಫಜಲಪುರದ ಟೆಂಪೋ ಬಂದು ಕೂಡುವ ಹೊತ್ತಿಗೆ ಕತ್ತಲಾಯಿತು. ದೊಡ್ಡಾಟದ ರಾಜನ ಕಿರೀಟವನ್ನು ಪೆಟ್ಟಿಗೆಯಲ್ಲಿಟ್ಟರೆ ಮಣಿ ಉದುರುವುವೆಂದು ಅದನ್ನು ಒಬ್ಬನು ತೊಡೆಯ ಮೇಲಿಟ್ಟುಕೊಂಡು ಅಷ್ಟು ದೂರ ಬಂದಿದ್ದನು.

ಕೇಂದ್ರೀಯ ವಿಶ್ವವಿದ್ಯಾಲಯವಿರುವ ಕಡಗಂಚಿಯನ್ನು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಲಾರಿಯ ಹಿಂದಿನ ಗಾಲಿ ಪಂಕ್ಚರಾಯಿತು. ರಸ್ತೆಯ ಬದಿಗೆ ನಿಲ್ಲಿಸಿ ಜಾಕು ಹಚ್ಚಿದರೆ ಅದು ಲಾರಿಯನ್ನು ಎತ್ತುವುದರ ಬದಲು ತಾನೇ ಕರಿಮಣ್ಣಿನಲ್ಲಿ ಇಳಿಯತೊಡಗಿತು. ಡ್ರೈವರನು, “ಕೆಳಗ ಗಟ್ಟಿ ಏನರೆ ಕೊಡ್ರಿ, ಇಲ್ಲಾಂದ್ರ ಸಾಮಾನೆಲ್ಲ ಇಳಸ್ರಿ” ಎಂದನು. ರಾತ್ರಿ ಹತ್ತು ಗಂಟೆ, ಥಂಡಿ ಗಾಳಿ, ಹನ್ನೆರಡು ಟ್ರಂಕು! ಆಗ ಕಾಕಾನ ಪಾಠ ನಮ್ಮನ್ನು ಕಾಯಿತು. ವೇದಿಕೆಯ ಹಲಗೆಗಳು ಬಾಯಿಯಲ್ಲಿಯೇ ಇದ್ದುವು. ನಾನು ಹಗ್ಗದ ತುದಿಯನ್ನು ಜಗ್ಗಿದೆ. ಗಂಟು ನೀರಿನಂತೆ ಬಿಚ್ಚಿತು. ಒಂದು ಹಲಗೆಯನ್ನು ಎಳೆದು ಜಾಕಿನ ಕೆಳಗೆ ಕೊಟ್ಟೆವು. ಅರ್ಧ ಗಂಟೆಯಲ್ಲಿ ಗಾಲಿ ಬದಲಾಯಿತು. ಮರುದಿನ ಆ ಹಲಗೆಯ ಮೇಲೆಯೇ ನಿಂತು ಹಿರಿಯರೊಬ್ಬರು ಕನ್ನಡದ ಭಾರವನ್ನು ಹೊರಬೇಕಾದವರು ಯುವಕರೆಂದು ಕರೆಕೊಟ್ಟರು. ಹಲಗೆಯ ಅಡಿಯಲ್ಲಿ ಜಾಕಿನ ಗುರುತು ಇನ್ನೂ ಹಸಿಯಾಗಿತ್ತು.

ಆಳಂದವನ್ನು ಮುಟ್ಟಿದಾಗ ನಡುರಾತ್ರಿ ಮೀರಿತ್ತು. ಲಾಡ್ಲೆ ಮಶಾಯಕರ ಉರುಸಿಗೆ ಬರುವ ಜನಸಂದಣಿಯನ್ನು ವರ್ಷ ವರ್ಷವೂ ನೋಡಿದ ಊರು ಅದು. ಹೊತ್ತುಗೊತ್ತಿಲ್ಲದೆ ಬಂದವರನ್ನು ಕಂಡು ಬೆರಗಾಗುವುದಿಲ್ಲ. ಅಲ್ಲಿನ ಹಮಾಲರನ್ನು ಆ ಹೊತ್ತಿಗೆ ಎಬ್ಬಿಸುವುದು ನ್ಯಾಯವಲ್ಲವೆಂದು ನಾವೇ ಇಳಿಸತೊಡಗಿದೆವು. ಚಹದ ಅಂಗಡಿಯವನು ಒಲೆ ಹೊತ್ತಿಸಿದನು; ರಾತ್ರಿ ಪೆಂಡಾಲು ಕಾಯುತ್ತಿದ್ದ ಇಬ್ಬರು ಮುದುಕರು ಬ್ಯಾಟರಿ ಹಿಡಿದರು. ಬೆಳಕು ಹರಿಯುವ ಹೊತ್ತಿಗೆ ವೇದಿಕೆ ನಿಂತಿತು, ಕಪಾಟುಗಳಲ್ಲಿ ಪುಸ್ತಕ ಕುಳಿತುವು. ಜೇವರ್ಗಿಯಲ್ಲಿ ವಾದಿಸಿದ್ದ ಗೆಳೆಯನೇ ಎಲ್ಲರಿಗಿಂತ ಹೆಚ್ಚು ಟ್ರಂಕುಗಳನ್ನು ಹೊತ್ತನೆಂಬುದನ್ನು ಇಲ್ಲಿ ಬರೆಯದಿದ್ದರೆ ಅನ್ಯಾಯವಾದೀತು. ಕೂಲಿ ಕಸಿಯದ ಸೇವೆ ಸಿಕ್ಕಾಗ ಅದನ್ನು ಮೈಮುರಿದು ಮಾಡಬೇಕೆಂಬುದನ್ನು ಅವನಿಂದ ಕಲಿಯಬೇಕು.

ಸಮ್ಮೇಳನ ಹೇಗೆ ನಡೆಯಿತೆಂದು ಯಾರಾದರೂ ಕೇಳಿದರೆ ನನಗೆ ಹೇಳಲು ತೋಚುವುದಿಲ್ಲ. ಮೊದಲ ದಿನ ಮಧ್ಯಾಹ್ನ ಶರಣರ ಕಾಯಕ ತತ್ತ್ವವನ್ನು ಕುರಿತು ಗೋಷ್ಠಿಯಿತ್ತು, ಬಹಳ ಚೆನ್ನಾಗಿತ್ತಂತೆ. ಅದರ ಹೊತ್ತಿಗೆ ನಾವು ಎಂಟು ಮಂದಿ ಪೆಂಡಾಲಿನ ಹಿಂದೆ ಜಮಖಾನೆಯ ಸುರುಳಿಗಳ ಮೇಲೆ ಗಾಢ ನಿದ್ರೆಯಲ್ಲಿದ್ದೆವು. ಲೆಕ್ಕಗಿತ್ತಿಯೊಬ್ಬಳು ಎಚ್ಚರವಾಗಿದ್ದು ಸಾಮಾನು ಎಣಿಸುತ್ತಿದ್ದಳು. ಒಂದು ಲೋಡು ಕಡಮೆ ಬಂದಿತೆಂದು ಊರೆಲ್ಲ ಹುಡುಕಿದ ಮೇಲೆ ಅದು ನಮ್ಮ ಹಾಸ್ಯಗಾರನ ತಲೆಯ ಕೆಳಗೆ ಸಿಕ್ಕಿತು.

ಎರಡನೆಯ ದಿನ ಸಂಜೆ ವಂದನಾರ್ಪಣೆ. ವಂದನೆಗಳ ಪಟ್ಟಿಯನ್ನು ವಾಚಕರೆಲ್ಲ ಬಲ್ಲರು. ಹೆಸರು ಹೆಸರಾಗಿ ಹಿರಿಯರು, ಆಮೇಲೆ ದಾನಿಗಳು, ಆಮೇಲೆ ಅಧಿಕಾರಿಗಳು, ಕಡೆಗೆ ‘ಮೊದಲಾದವರು’. ಈ ‘ಮೊದಲಾದವರು’ ಎಂಬ ಮಾತಿನೊಳಗೆ ಎಷ್ಟು ಜನ ಕುಳಿತಿರುವರೆಂಬುದನ್ನು ಯಾರೂ ಎಣಿಸಿಲ್ಲ. ಆ ದಿನ ವಂದನೆ ಹೇಳುವವರ ಕೈಗೆ ನಮ್ಮ ಲೆಕ್ಕಗಿತ್ತಿ ಒಂದು ಚೀಟಿಯನ್ನು ಕೊಟ್ಟಳು. ಅದರಲ್ಲಿ ಜೇವರ್ಗಿಯ ನಾಲ್ವರು ಹಮಾಲರ, ಲಾರಿ ಡ್ರೈವರನ, ಚಹದ ಅಂಗಡಿಯವನ, ಬ್ಯಾಟರಿ ಹಿಡಿದ ಇಬ್ಬರು ಮುದುಕರ ಹೆಸರುಗಳಿದ್ದುವು. ಅವರು ಕನ್ನಡಕವನ್ನು ಸರಿಪಡಿಸಿಕೊಂಡು ಎಂಟು ಹೆಸರುಗಳನ್ನೂ ಓದಿದರು. ಜನ ಎದ್ದು ಹೊರಡುವ ಗಡಿಬಿಡಿಯಲ್ಲಿದ್ದರು. ಚಪ್ಪಾಳೆ ದೊಡ್ಡದೇನೂ ಆಗಲಿಲ್ಲ. ಆದರೂ ಹೆಸರು ಓದಿದ್ದಾಯಿತು.

ಸಾಮಾನನ್ನು ಹಿಂದಿರುಗಿಸಲು ಜೇವರ್ಗಿಗೆ ಹೋದಾಗ ಕಾಕಾನಿಗೆ ಈ ಸುದ್ದಿ ಹೇಳಿದೆ. “ನನ್ನ ಹೆಸರೇನು? ಮೈಕಿನಾಗ?” ಎಂದು ಎರಡು ಸಲ ಕೇಳಿದನು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಡ್ಡಹೆಸರೂ ಓದಿದ್ರೇನು?” ಎಂದನು. ಓದಿದರೆಂದೆ. “ಹಂಗಾರ ನಾನೇ ಅಂತ ಗುರ್ತಾತು ಬಿಡು” ಎಂದು ಹಗ್ಗದ ಕಡೆಗೆ ತಿರುಗಿದನು. ಲಾರಿಯಿಂದ ಇಳಿಸುವ ಕೂಲಿಯನ್ನು ಎಂದಿನಂತೆ ಎಣಿಸಿಯೇ ತೆಗೆದುಕೊಂಡನು. ಅದು ಸರಿಯಾದುದೇ. ಮರ್ಯಾದೆ ಕೂಲಿಗೆ ಬದಲಲ್ಲ. ಕೂಲಿಯೂ ಮರ್ಯಾದೆಗೆ ಬದಲಲ್ಲ. ಎರಡೂ ಸಲ್ಲಬೇಕು.

ಮನೆಯಲ್ಲಿ ಅಪ್ಪನಿಗೆ ಎಲ್ಲವನ್ನೂ ವಿಸ್ತಾರವಾಗಿ ಹೇಳಿದೆ: ಬೇವಿನ ಮರದ ವಾದ, ಟೀಶರ್ಟಿನ ರೊಕ್ಕ, ಲಕ್ಕಮ್ಮನ ಮಾತು. ಅಪ್ಪ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಕೇಳಿದನು: “ಹಗ್ಗ ಹೆಂಗ ಕಟ್ಟಿದಿ?” ಮಂಚದ ಕಾಲಿಗೆ ಕಟ್ಟಿ ತೋರಿಸಿದೆ. ಎರಡು ಬೆರಳಿನಿಂದ ಮಿಡಿದು ನೋಡಿ, ತುದಿ ಜಗ್ಗಿ ಬಿಚ್ಚಿ, “ಬರೋಬ್ಬರಿ ಐತಿ. ಇನ್ನ ಡಿಗ್ರಿ ಮುಗಸು” ಎಂದನು.

ಇಷ್ಟು ಹೇಳಿ, ಈ ಕಾಲೇಜಿನಲ್ಲಿ ನಮ್ಮ ಹಿಂದೆ ಬರುವ ತಮ್ಮ ತಂಗಿಯರಲ್ಲಿ ಒಂದೆರಡು ಬಿನ್ನಹಗಳನ್ನು ಮಾಡಿಕೊಳ್ಳುತ್ತೇನೆ. ನಾವು ಈ ವರ್ಷ ಹೊರಡುವವರು. ಮುಂದಿನ ಸಮ್ಮೇಳನದ ಸಾಮಾನು ನಿಮ್ಮ ಹೆಗಲಿಗೆ ಬರುವುದು. ಕರೆದಾಗ ಹಿಂಜರಿಯಬೇಡಿರಿ. ಪುಸ್ತಕವನ್ನು ಓದಿ ತಿಳಿಯುವುದು ಒಂದು ಬಗೆ, ಹೊತ್ತು ತಿಳಿಯುವುದು ಇನ್ನೊಂದು ಬಗೆ. ಹೊರುವ ಮುನ್ನ ಬೇವಿನ ಮರದ ನೆರಳಿನಲ್ಲಿ ಯಾರಾದರೂ ಕುಳಿತಿರುವರೇ ಎಂದು ನೋಡಿರಿ. ಖರ್ಚಿನ ವಹಿಯಲ್ಲಿ ಹಮಾಲಿಯ ಬಾಬನ್ನು ಮೊದಲ ಹಾಳೆಯಲ್ಲಿ ಬರೆಯಿರಿ. ಹೂಮಾಲೆಯದು ಎರಡನೆಯ ಹಾಳೆಗೆ ಬಂದರೆ ಕೆಡುಕೇನೂ ಇಲ್ಲ. ವಂದನಾರ್ಪಣೆಯ ಪಟ್ಟಿ ನಿಮ್ಮ ಕೈಗೆ ಬಂದರೆ ‘ಮೊದಲಾದವರು’ ಎಂಬಲ್ಲಿ ನಿಲ್ಲದೆ ಹೆಸರುಗಳನ್ನು ಕೇಳಿ ಬರೆಯಿರಿ, ಅಡ್ಡಹೆಸರುಗಳ ಸಹಿತ. ಹಗ್ಗ ಕಟ್ಟುವುದು ಬಾರದಿದ್ದರೆ ನನ್ನ ಪರೀಕ್ಷೆ ಮುಗಿಯುವುದರೊಳಗಾಗಿ ಹಾಸ್ಟೆಲಿಗೆ ಬನ್ನಿರಿ, ಕಲಿಸಿಕೊಡುತ್ತೇನೆ.